ಮೂಲಚಿತ್ರವೂ ಅಚ್ಚಿನ ಪ್ರತಿಯೂ: ರವಿವರ್ಮನ ಪಟಗಳನ್ನು ಕುರಿತು ಒಂದು ಪಾಠ

ನಮ್ಮ ನಗರದ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ವಿದ್ಯಾರ್ಥಿಗಳನ್ನು ಕರೆದೊಯ್ದ ಅಧ್ಯಾಪಕರೆಲ್ಲರಿಗೂ ಪರಿಚಿತವಾದ ಪ್ರಸಂಗವೊಂದಿದೆ. ರಾಜಾ ರವಿವರ್ಮನ ತೈಲಚಿತ್ರವೊಂದರ ಮುಂದೆ ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಅಧ್ಯಾಪಕರು ವರ್ಣ, ಛಾಯೆ, ಬೆಳಕುಗಳ ವಿಚಾರದಲ್ಲಿ ತಮಗೆ ತಿಳಿದಷ್ಟನ್ನು ಹೇಳತೊಡಗುತ್ತಾರೆ. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬನು, "ಮೇಷ್ಟ್ರೇ, ಇವರು ಬರೆದ ಪಟ ನಮ್ಮ ಅಜ್ಜಿಯ ಮನೆಯ ದೇವರ ಕೋಣೆಯಲ್ಲೂ ಇದೆ" ಎಂದುಬಿಡುತ್ತಾನೆ. ಉಳಿದವರು ನಗುತ್ತಾರೆ. "ಅದು ಬರಿಯ ಅಚ್ಚು ಕಣೋ" ಎಂದು ಅಧ್ಯಾಪಕರು ಅವನ ಬಾಯಿ ಮುಚ್ಚಿಸುತ್ತಾರೆ. ಮೂವತ್ತು ವರ್ಷಗಳಿಗೂ ಮೀರಿ ಚಿತ್ರಕಲೆಯ ಪಾಠ ಹೇಳಿದ ನಾನೂ ಹಾಗೆಯೇ ಎಷ್ಟೋ ಹುಡುಗರ ಬಾಯಿ ಮುಚ್ಚಿಸಿದ್ದೇನೆ. ಆ 'ಬರಿಯ ಅಚ್ಚು' ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂಬ ಬಯಕೆಯೇ ಈ ಲೇಖನಕ್ಕೆ ಕಾರಣ.

ಒಬ್ಬನು ಬರೆದ ಚಿತ್ರವನ್ನು ಮತ್ತೊಬ್ಬನು ನೋಡಿ ಬರೆಯುವುದು ಕಲೆಯಷ್ಟೇ ಹಳೆಯದಾದ ಸಂಪ್ರದಾಯ. ಗುರುವಿನ ಗೆರೆಯನ್ನು ತಿದ್ದಿ ತಿದ್ದಿಯೇ ಶಿಷ್ಯನು ಕೈ ಪಳಗಿಸಿಕೊಳ್ಳುತ್ತಿದ್ದನು. ಆದರೆ ಅಂಥ ಪ್ರತಿ ಒಂದಕ್ಕೆ ಒಂದೇ. ಒಂದು ಮೂಲದಿಂದ ನೂರು, ಸಾವಿರ ಪ್ರತಿಗಳನ್ನು ತೆಗೆಯುವ ವಿದ್ಯೆ ಬೇರೆ. ಅದಕ್ಕೆ ಮರ, ತಾಮ್ರ ಇಲ್ಲವೆ ಕಲ್ಲಿನ ನೆರವು ಬೇಕು. ಯೂರೋಪಿನಲ್ಲಿ ಈ ಮೂರೂ ಕ್ರಮವಾಗಿ ಬಳಕೆಗೆ ಬಂದವು. ಇವುಗಳಲ್ಲಿ ತಾಮ್ರದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಏಕೆಂದರೆ 'ಎಚಿಂಗ್' ಎಂಬ ಹೆಸರನ್ನು ಕೇಳಿದವರು ಬಹುಮಂದಿ ಇದ್ದರೂ ಅದನ್ನು ಮಾಡುವ ಬಗೆಯನ್ನು ಬಲ್ಲವರು ಕಡಮೆ.

ತಾಮ್ರದ ತಗಡಿನ ಮೇಲೆ ಚೂಪಾದ ಉಳಿಯಿಂದ ನೇರವಾಗಿ ಗೆರೆ ಕೊರೆಯುವುದು ಒಂದು ವಿಧಾನ. ಇದು ಅಕ್ಕಸಾಲಿಗರ ಕಸುಬಿನಿಂದ ಹುಟ್ಟಿದ ವಿದ್ಯೆ. ಕೈಯಲ್ಲಿ ಬಲವೂ ವರ್ಷಗಳ ಅಭ್ಯಾಸವೂ ಬೇಕು. ಎಚಿಂಗಿನಲ್ಲಿ ಕೊರೆಯುವ ಕೆಲಸವನ್ನು ಮನುಷ್ಯನ ಕೈಗಿಂತ ಹೆಚ್ಚಾಗಿ ಆಮ್ಲವೇ ಮಾಡುತ್ತದೆ. ನುಣ್ಣಗೆ ಉಜ್ಜಿದ ತಗಡಿಗೆ ಮೇಣ ಮತ್ತು ರಾಳ ಬೆರೆಸಿದ ತೆಳುವಾದ ಲೇಪವನ್ನು ಹಚ್ಚಿ, ಅದನ್ನು ದೀಪದ ಹೊಗೆಗೆ ಹಿಡಿದು ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಸೂಜಿಯಿಂದ ಚಿತ್ರ ಬರೆದರೆ ಲೇಪವು ಕಿತ್ತು ಹೋದೆಡೆಯಲ್ಲೆಲ್ಲ ತಾಮ್ರ ಹೊಳೆಯುತ್ತದೆ. ತಗಡನ್ನು ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಮುಳುಗಿಸಿದಾಗ ಆಮ್ಲವು ಆ ಗೆರೆಗಳನ್ನು ಮಾತ್ರ ತಿನ್ನುತ್ತದೆ. ಸ್ವಲ್ಪ ಹೊತ್ತು ಇಟ್ಟರೆ ಗೆರೆ ತೆಳು, ಹೆಚ್ಚು ಹೊತ್ತು ಇಟ್ಟರೆ ಆಳ. ತೆಳುವಾಗಿಯೇ ಉಳಿಯಬೇಕಾದ ಭಾಗಕ್ಕೆ ನಡುವೆ ವಾರ್ನಿಷ್ ಹಚ್ಚಿ ಮತ್ತೆ ಮುಳುಗಿಸುತ್ತಾರೆ. ಕೊನೆಗೆ ಲೇಪವನ್ನೆಲ್ಲ ತೊಳೆದು, ಗೆರೆಗಳೊಳಗೆ ಮಸಿ ತುಂಬಿ, ಮೇಲ್ಮೈಯನ್ನು ಒರಸಿ, ತೇವ ಮಾಡಿದ ಕಾಗದವನ್ನಿಟ್ಟು ಉರುಳೆಯ ಯಂತ್ರದಲ್ಲಿ ಒತ್ತಿದರೆ ಗೆರೆಯೊಳಗಿನ ಮಸಿಯನ್ನು ಕಾಗದವು ಹೀರಿಕೊಂಡು ಬರುತ್ತದೆ. ತಾಮ್ರ ಮೆದುವಾದ ಲೋಹವಾದುದರಿಂದ ಕೆಲವು ನೂರು ಪ್ರತಿಗಳಾದ ಮೇಲೆ ಗೆರೆ ಸವೆಯತೊಡಗುತ್ತದೆ. ತಗಡಿನಲ್ಲಿ ಬಲಗಡೆ ಇದ್ದುದು ಕಾಗದದಲ್ಲಿ ಎಡಕ್ಕೆ ಬರುತ್ತದೆಂಬುದನ್ನೂ ನೆನಪಿನಲ್ಲಿಡಬೇಕು. ಮೂಲವನ್ನು ಇದ್ದಂತೆಯೇ ತಗಡಿಗೆ ಇಳಿಸಿದ ಅಜಾಗರೂಕನ ಪ್ರತಿಯಲ್ಲಿ ರಾಮನು ಎಡಗೈಯಿಂದ ಬಾಣ ಹೂಡುತ್ತಾನೆ, ಸರಸ್ವತಿಯು ಎಡಗೈಯಿಂದ ವೀಣೆ ಮೀಟುತ್ತಾಳೆ! ಆದಕಾರಣ ಬಲ್ಲ ಕುಶಲಿಯು ಮೊದಲೇ ಚಿತ್ರವನ್ನು ತಿರುವುಮುರುವಾಗಿ ಬರೆದುಕೊಳ್ಳುತ್ತಾನೆ.

ಹಿಂದಿನ ಗುರುವಿನ ಚಿತ್ರಗಳನ್ನು ಎಚಿಂಗಿಗೆ ಇಳಿಸಿದವರಲ್ಲಿ ಸ್ಪೇನ್ ದೇಶದ ಗೋಯಾನ ಹೆಸರು ಪ್ರಸಿದ್ಧವಾದುದು. 1778ರಲ್ಲಿ, ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ, ಅರಮನೆಯ ಗೋಡೆಗಳಿಗೆ ತೂಗುಹಾಕುವ ಚಿತ್ರವಸ್ತ್ರಗಳಿಗೆ ನಕ್ಷೆ ಬರೆದುಕೊಡುತ್ತಿದ್ದ ಆತನು, ಒಂದು ಶತಮಾನಕ್ಕೂ ಹಿಂದೆ ತೀರಿಕೊಂಡಿದ್ದ ವೆಲಾಸ್ಕೆಸ್‌ನ ಚಿತ್ರಗಳನ್ನು ತಾಮ್ರದ ಮೇಲೆ ಬರೆದು ಪ್ರಕಟಿಸಿದನು. ಕುದುರೆಯೇರಿದ ರಾಜರು, ಆಸ್ಥಾನದ ಕುಳ್ಳರು, 1656ರ 'ಲಾಸ್ ಮೆನಿನಾಸ್' ಎಂಬ ವಿಖ್ಯಾತ ಚಿತ್ರ, ಇವೆಲ್ಲ ಆತನ ಸೂಜಿಗೆ ವಸ್ತುವಾದವು. ವೆಲಾಸ್ಕೆಸ್‌ನ ಬಣ್ಣದಲ್ಲಿ ಗಾಳಿಯಾಡಿದಂತೆ ಕಾಣುವ ಸ್ಥಳವು ಗೋಯಾನ ಗೆರೆಯಲ್ಲಿ ಹಾಗೆ ಕಾಣುವುದಿಲ್ಲವೆಂದು ವಿಮರ್ಶಕರು ಆಕ್ಷೇಪಿಸುವುದುಂಟು. ಅದು ನಿಜವೇ. ಆದರೆ ಆ ತಗಡುಗಳ ಮೇಲೆ ಬಗ್ಗಿ ಕುಳಿತ ದಿನಗಳಲ್ಲಿ ಗೋಯಾ ಕಲಿತದ್ದು ಮುಂದೆ ಆತನ ಸ್ವಂತ ಎಚಿಂಗುಗಳಲ್ಲಿ ಫಲ ಕೊಟ್ಟಿತೆಂಬುದೂ ಅಷ್ಟೇ ನಿಜ. ಪ್ರತಿ ಮಾಡುವುದೆಂದರೆ ಗುರುವಿನ ಚಿತ್ರದೊಳಗೆ ಇಂಚಿಂಚಾಗಿ ನಡೆದು ಬರುವುದು. ನೋಡಿ ಮೆಚ್ಚಿ ಮುಂದಕ್ಕೆ ಹೋಗುವವನಿಗೆ ಆ ದಾರಿ ತಿಳಿಯುವುದಿಲ್ಲ.

ಸ್ಪೇನ್ ದೂರವಾಯಿತೆನ್ನುವವರಿಗೆ ನಮ್ಮ ಬಾಗಿಲಿನಲ್ಲಿಯೇ ಒಂದು ನಿದರ್ಶನವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತಷ್ಟೆ. ಮರುವರ್ಷವೇ ಲಂಡನ್ನಿನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಚಿತ್ರಕಾರನು ಆ ಲಗ್ಗೆಯ ದೃಶ್ಯವನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಪ್ರದರ್ಶನಕ್ಕಿಟ್ಟನು. ಆತನು ಕಾವೇರಿಯನ್ನಾಗಲಿ ಶ್ರೀರಂಗಪಟ್ಟಣದ ಕೋಟೆಯನ್ನಾಗಲಿ ಕಣ್ಣಿನಿಂದ ಕಂಡವನಲ್ಲ. ಜನ ಮುಗಿಬಿದ್ದು ನೋಡಿದರು. ಆ ಮಹಾಚಿತ್ರವು ಅನಂತರ ನಾಶವಾಯಿತು. ಅದರ ತುಣುಕೂ ಇಂದು ನೋಡಲು ಸಿಕ್ಕುವುದಿಲ್ಲ. ಆದರೆ ಜೊವಾನಿ ವೆಂಡ್ರಾಮಿನಿ ಎಂಬ ಇಟಲಿಯ ಕುಶಲಿಯು 1802-03ರ ಹೊತ್ತಿಗೆ ಅದನ್ನು ಮೂರು ತಾಮ್ರದ ತಗಡುಗಳಲ್ಲಿ ಚುಕ್ಕೆಚುಕ್ಕೆಯಾಗಿ ಕೊರೆದು ಅಚ್ಚು ಮಾಡಿಸಿದ್ದನು. ಇಂದು ನಾವು ಪುಸ್ತಕಗಳಲ್ಲಿ ನೋಡುವ ಪೋರ್ಟರನ ಶ್ರೀರಂಗಪಟ್ಟಣದ ಲಗ್ಗೆ ವಾಸ್ತವವಾಗಿ ವೆಂಡ್ರಾಮಿನಿಯ ಕೈಕೆಲಸ. ಗೆದ್ದವರ ಕಣ್ಣಿನಿಂದ ಬರೆದ ಆ ಚಿತ್ರದ ಸತ್ಯಾಸತ್ಯಗಳ ಚರ್ಚೆ ಇಲ್ಲಿ ಅಪ್ರಸ್ತುತ. ಮೂಲ ಹೋಗಿ ಪ್ರತಿ ಉಳಿಯಿತೆಂಬುದಷ್ಟೇ ಗಮನಿಸತಕ್ಕ ಅಂಶ. ಇದಕ್ಕೂ ಮೊದಲು ಕಾರ್ನ್‌ವಾಲಿಸನ ದಂಡಿನೊಡನೆ ಬಂದಿದ್ದ ರಾಬರ್ಟ್ ಹೋಮ್ ಎಂಬಾತನ ಚಿತ್ರಗಳೂ ಹೀಗೆಯೇ ಲೋಹದ ಅಚ್ಚಿನಲ್ಲಿ, ಮೈಸೂರು ಸೀಮೆಯ ಆಯ್ದ ದೃಶ್ಯಗಳೆಂಬ ಗ್ರಂಥವಾಗಿ, 1794ರಲ್ಲಿ ಲಂಡನ್ನಿನಲ್ಲಿ ಹೊರಬಂದವು.

ಇನ್ನು ಪ್ರಕೃತಕ್ಕೆ ಬರೋಣ. ರವಿವರ್ಮನು 1848ರ ಏಪ್ರಿಲ್ 29ರಂದು ತಿರುವಾಂಕೂರು ಸೀಮೆಯ ಕಿಳಿಮಾನೂರಿನಲ್ಲಿ ಜನಿಸಿ 1906ರ ಅಕ್ಟೋಬರ್ 2ರಂದು ಅಲ್ಲಿಯೇ ತೀರಿಕೊಂಡನು. ಮೈಸೂರಿಗೂ ಆತನಿಗೂ ಇದ್ದ ಸಂಬಂಧ ಎರಡು ತಲೆಮಾರಿನದು. ಚಾಮರಾಜೇಂದ್ರ ಒಡೆಯರು 1885ರಲ್ಲಿ ಆತನನ್ನು ಇಲ್ಲಿಗೆ ಬರಮಾಡಿಕೊಂಡರು. ಹನ್ನೊಂದು ಮಂದಿ ಸ್ತ್ರೀಯರು ಬೇರೆ ಬೇರೆ ಪ್ರಾಂತಗಳ ಉಡುಗೆ ತೊಟ್ಟು ವಾದ್ಯಗಳೊಡನೆ ಗುಂಪಾಗಿ ಕುಳಿತಿರುವ, 1889ರ ಆ ಸುಪ್ರಸಿದ್ಧ ಗಾಯಕಿಯರ ಚಿತ್ರ ಜಗನ್ಮೋಹನದಲ್ಲಿದೆ. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾಗಿ ಹೊಸದು ಏಳುತ್ತಿದ್ದಾಗ, ಅದಕ್ಕೋಸ್ಕರ ಒಂಬತ್ತು ಪೌರಾಣಿಕ ಚಿತ್ರಗಳನ್ನು ಬರೆದುಕೊಡುವಂತೆ ನಾಲ್ವಡಿ ಕೃಷ್ಣರಾಜ ಒಡೆಯರು ಆಜ್ಞಾಪಿಸಿದರು. ಇಂದ್ರಜಿತುವಿನ ವಿಜಯ, ಸಮುದ್ರರಾಜನ ಗರ್ವಭಂಗ ಮಾಡುವ ಶ್ರೀರಾಮ, ಕೌರವರ ಸಭೆಯಲ್ಲಿ ಶ್ರೀಕೃಷ್ಣ ಸಂಧಾನ ಇವೆಲ್ಲ 1905-06ರ ಕೃತಿಗಳು, ಆತನ ಜೀವಮಾನದ ಕೊನೆಯ ಕೃತಿಗಳು. ತಮ್ಮನೂ ಸಹಾಯಕನೂ ಆದ ರಾಜರಾಜವರ್ಮನು 1905ರಲ್ಲಿ ತೀರಿಕೊಂಡಿದ್ದನು. ಸಮುದ್ರದ ಮುಂದೆ ಕೋಪದಿಂದ ನಿಂತ ರಾಮನ ಆ ಚಿತ್ರದ ಮುಂದೆ ನಾನು ನಿಂತಾಗಲೆಲ್ಲ ತಮ್ಮನಿಲ್ಲದೆ ಕೆಲಸ ಮಾಡುತ್ತಿದ್ದ ಆ ವೃದ್ಧನ ನೆನಪಾಗುತ್ತದೆ. ಆದರೆ ಇದು ಚಿತ್ರವಿಮರ್ಶೆಯಲ್ಲ, ನನ್ನ ದೌರ್ಬಲ್ಯ.

ಅರಮನೆಯ ಗೋಡೆಯ ಮೇಲಿನ ಈ ಚಿತ್ರಗಳನ್ನು ಆ ಕಾಲದ ಸಾಮಾನ್ಯ ಜನ ನೋಡುವಂತಿರಲಿಲ್ಲ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಜಗನ್ಮೋಹನ ಅರಮನೆ ಚಿತ್ರಶಾಲೆಯಾದದ್ದು 1915ರಲ್ಲಿ. ಅದಕ್ಕೂ ಬಹಳ ಮೊದಲೇ ರವಿವರ್ಮನ ಹೆಸರು ದೇವರಾಜ ಮಾರುಕಟ್ಟೆಯ ಸುತ್ತಿನ ಬೀದಿಗಳವರೆಗೂ ತಲುಪಿದ್ದರೆ ಅದಕ್ಕೆ ಕಾರಣ ಅಚ್ಚಿನ ಪಟಗಳಲ್ಲದೆ ಬೇರೆಯಲ್ಲ.

ಆ ಯೋಚನೆಯನ್ನು ಆತನ ತಲೆಯಲ್ಲಿ ಬಿತ್ತಿದವರು ತಿರುವಾಂಕೂರು, ಬರೋಡಾ ಸಂಸ್ಥಾನಗಳಲ್ಲಿ ದಿವಾನರಾಗಿದ್ದ ಸರ್ ಟಿ. ಮಾಧವರಾಯರು. ನಿಮ್ಮ ಚಿತ್ರಗಳಿಗೆ ಬೇಡಿಕೆ ಬಹಳವಾಗಿದೆ, ಎರಡು ಕೈಗಳಿಂದ ಅದನ್ನು ಪೂರೈಸಲಾರಿರಿ, ಆಯ್ದ ಕೆಲವನ್ನು ಯೂರೋಪಿಗೆ ಕಳುಹಿಸಿ ಅಚ್ಚು ಹಾಕಿಸಿ ಎಂಬ ಅರ್ಥದ ಸಲಹೆಯನ್ನು ಅವರು 1884ರಲ್ಲಿಯೇ ಪತ್ರಮುಖೇನ ಕೊಟ್ಟಿದ್ದರು. ಬರೋಡಾ ಮಹಾರಾಜರಿಗಾಗಿ ಬರೆದ ಹದಿನಾಲ್ಕು ಪೌರಾಣಿಕ ಚಿತ್ರಗಳನ್ನು ಸಾರ್ವಜನಿಕ ಪ್ರದರ್ಶನಕ್ಕಿಟ್ಟಾಗ ಜನ ನೆರೆದ ಪರಿಯನ್ನು ಕಂಡ ಮೇಲೆ ರವಿವರ್ಮನಿಗೂ ಅದು ಸರಿಯೆಂದು ತೋರಿರಬೇಕು. ಆದರೆ ಆತನು ಯೂರೋಪಿಗೆ ಕಳುಹಿಸಲಿಲ್ಲ. 1894ರಲ್ಲಿ ಮುಂಬಯಿಯಲ್ಲಿ ಸ್ವಂತ ಮುದ್ರಣಾಲಯವನ್ನೇ ಸ್ಥಾಪಿಸಿ, ಜರ್ಮನಿಯಿಂದ ಯಂತ್ರಗಳನ್ನೂ ಕುಶಲಿಗಳನ್ನೂ ತರಿಸಿದನು. ಮೊದಲು ಹೊರಬಂದದ್ದು ಶಕುಂತಲೆಯ ಜನನದ ಪಟ. ದೇವರ ಪಟಗಳನ್ನು ಅಚ್ಚು ಹಾಕಿದವರಲ್ಲಿ ಈತನೇ ಮೊದಲಿಗನೆಂದು ಕೆಲವರು ಬರೆಯುವುದು ಸರಿಯಲ್ಲ. 1878ರಲ್ಲಿ ಸ್ಥಾಪಿತವಾದ ಪುಣೆಯ ಚಿತ್ರಶಾಲಾ ಮುದ್ರಣಾಲಯವೂ ಕಲ್ಕತ್ತೆಯ ಆರ್ಟ್ ಸ್ಟುಡಿಯೋವೂ ಆ ಕೆಲಸವನ್ನು ಅದಾಗಲೇ ಮಾಡುತ್ತಿದ್ದವು.

ಈ ಪಟಗಳು ಎಚಿಂಗುಗಳಲ್ಲ, ಕಲ್ಲಚ್ಚಿನವು. ಕಲ್ಲಚ್ಚು ಜರ್ಮನಿಯ ಸೆನೆಫೆಲ್ಡರನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ವಿದ್ಯೆ. ಎಣ್ಣೆ ಮತ್ತು ನೀರು ಒಂದರೊಡನೊಂದು ಬೆರೆಯವೆಂಬ, ಅಡಿಗೆಮನೆಯಲ್ಲಿ ಎಲ್ಲರೂ ಬಲ್ಲ ಸಂಗತಿಯೇ ಅದರ ತಳಹದಿ. ಬವೇರಿಯದ ಸೋಲ್ನ್‌ಹೋಫನ್ ಎಂಬಲ್ಲಿ ದೊರೆಯುವ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ತೇವ ಮಾಡಿ, ಮಸಿಯ ಉರುಳೆಯನ್ನು ಹಾಯಿಸಿದರೆ ಜಿಡ್ಡಿದ್ದೆಡೆಯಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಇಲ್ಲಿ ಗೆರೆ ಸವೆಯುವ ಭಯ ತಾಮ್ರದಲ್ಲಿದ್ದಷ್ಟಿಲ್ಲ; ಸಾವಿರಾರು ಪ್ರತಿಗಳನ್ನು ತೆಗೆಯಬಹುದು. ಆದರೆ ಒಂದು ಕಲ್ಲಿಗೆ ಒಂದೇ ಬಣ್ಣ. ಲಕ್ಷ್ಮಿಯ ಸೀರೆಯ ಕೆಂಪಿಗೆ ಒಂದು ಕಲ್ಲು, ಅದರ ಮಡಿಕೆಯ ನೆರಳಿಗೆ ಇನ್ನೊಂದು, ಕೆನ್ನೆಯ ತೆಳು ಗುಲಾಬಿಗೆ ಮತ್ತೊಂದು, ತಾವರೆಯ ಎಲೆಯ ಹಸಿರಿಗೆ, ನೀರಿನ ನೀಲಿಗೆ, ಒಡವೆಯ ಹಳದಿಗೆ ಬೇರೆ ಬೇರೆ ಕಲ್ಲುಗಳು. ಹತ್ತಕ್ಕೂ ಹೆಚ್ಚು ಕಲ್ಲುಗಳು ಒಂದೇ ಪಟಕ್ಕೆ ಬೇಕಾಗುತ್ತಿದ್ದವು. ಕಾಗದವು ಒಂದೊಂದು ಕಲ್ಲಿನ ಮೇಲೂ ಹಾದು ಬರುವಾಗ ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ಗಲ್ಲಕ್ಕಿಳಿಯುತ್ತದೆ, ಕಣ್ಣಿನ ಕಪ್ಪು ರೆಪ್ಪೆಯ ಹೊರಗೆ ಬೀಳುತ್ತದೆ. ಎಲ್ಲ ಬಣ್ಣಗಳೂ ಕೂಡಿದ ಮೇಲೆ ವಾರ್ನಿಷ್ ಹಚ್ಚಿ, ಕೆಲವೊಮ್ಮೆ ಕ್ಯಾನ್ವಾಸಿನ ನೇಯ್ಗೆಯಂತೆ ಕಾಣುವ ಹಾಗೆ ಕಾಗದವನ್ನು ಒತ್ತಿ, ತೈಲಚಿತ್ರದ ಭ್ರಮೆಯನ್ನು ತರುತ್ತಿದ್ದರು. ಆದಕಾರಣವೇ ಇವುಗಳಿಗೆ ಓಲಿಯೋಗ್ರಾಫ್ ಎಂದು ಹೆಸರು.

ಈಗ ವಾಚಕರು ಒಂದು ಸಂಗತಿಯನ್ನು ಯೋಚಿಸಬೇಕು. ರವಿವರ್ಮನು ಕುಂಚವನ್ನು ಒಮ್ಮೆ ಎಳೆದು ಮೂಡಿಸಿದ ಒಂದು ಬಣ್ಣವನ್ನು, ಅದರಲ್ಲಿ ಎಷ್ಟು ಭಾಗ ಹಳದಿ, ಎಷ್ಟು ಕೆಂಪು, ಎಷ್ಟು ನೀಲಿ ಸೇರಿದೆಯೆಂದು ಕಣ್ಣಂದಾಜಿನಿಂದಲೇ ಬಿಡಿಸಿ, ಒಂದೊಂದು ಕಲ್ಲಿನ ಮೇಲೂ ಚುಕ್ಕೆಚುಕ್ಕೆಯಾಗಿ ಇಟ್ಟವನು ಯಾರು? ಆತನ ಹೆಸರು ನಮಗೆ ಗೊತ್ತಿಲ್ಲ. ಯೂರೋಪಿನ ತಾಮ್ರದ ಅಚ್ಚುಗಳಲ್ಲಿ ಚಿತ್ರದ ಕೆಳಗೆ ಎಡಗಡೆ ಮೂಲಚಿತ್ರಕಾರನ ಹೆಸರೂ 'ಪಿಂಕ್ಸಿಟ್' ಅಂದರೆ 'ಬರೆದನು' ಎಂಬ ಲ್ಯಾಟಿನ್ ಮಾತೂ, ಬಲಗಡೆ ಕೊರೆದವನ ಹೆಸರೂ 'ಸ್ಕಲ್ಪ್ಸಿಟ್' ಅಂದರೆ 'ಕೆತ್ತಿದನು' ಎಂಬ ಮಾತೂ ಇರುವುದು ವಾಡಿಕೆ. ಕೆರ್ ಪೋರ್ಟರನ ಜೊತೆಗೆ ವೆಂಡ್ರಾಮಿನಿಯ ಹೆಸರು ಉಳಿದುಬಂದದ್ದು ಈ ಒಳ್ಳೆಯ ವಾಡಿಕೆಯಿಂದ. ನಮ್ಮ ಪಟಗಳ ಅಂಚಿನಲ್ಲಾದರೋ ರವಿವರ್ಮನ ಹೆಸರಿದೆ, ಮುದ್ರಣಾಲಯದ ಹೆಸರಿದೆ. ಕಲ್ಲಿನ ಮೇಲೆ ಕಣ್ಣು ಕಳೆದುಕೊಂಡವರ ಹೆಸರು ಸಾಮಾನ್ಯವಾಗಿ ಇಲ್ಲ. ನಾವು ಮನೆಯಲ್ಲಿ ಕೈಮುಗಿದ ಲಕ್ಷ್ಮಿಯ ಮುಖವು ನಿಜಕ್ಕೂ ಅವರು ಇಟ್ಟ ಚುಕ್ಕೆಗಳದು.

ಮುದ್ರಣಾಲಯದ ವ್ಯವಹಾರ ಸುಖವಾಗಿ ನಡೆಯಲಿಲ್ಲ. ಮುಂಬಯಿಯಲ್ಲಿ ಪ್ಲೇಗು ಹಬ್ಬಿತು; ಕೆಲಸಗಾರರು ಊರು ಬಿಟ್ಟರು; ಸಾಲ ಬೆಳೆಯಿತು. 1899ರ ಸುಮಾರಿಗೆ ಮುದ್ರಣಾಲಯವನ್ನು ಲೋಣಾವಳದ ಸಮೀಪದ ಮಳವಳಿ ಎಂಬ ಹಳ್ಳಿಗೆ ಸಾಗಿಸಿದರು. (ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿಯೆಂದು ಭ್ರಮಿಸಿದ ಒಬ್ಬ ಮಿತ್ರರು ಅಲ್ಲಿ ವಿಚಾರಿಸಿಯೂ ಬಂದಿದ್ದರು.) ಕೊನೆಗೆ 1901ರಲ್ಲಿ, ಹಲವು ಚಿತ್ರಗಳ ಮುದ್ರಣದ ಹಕ್ಕಿನ ಸಮೇತ, ಅಲ್ಲಿಯೇ ಕೆಲಸಕ್ಕಿದ್ದ ಫ್ರಿಟ್ಜ್ ಶ್ಲೈಖರ್ ಎಂಬ ಜರ್ಮನನಿಗೆ ಅದನ್ನು ಮಾರಬೇಕಾಯಿತು. ಶ್ಲೈಖರನು ವ್ಯಾಪಾರ ಬಲ್ಲವನು. ಪಟಗಳಲ್ಲದೆ ಪಂಚಾಂಗದ ಹಾಳೆಗಳು, ಅಂಚೆ ಕಾರ್ಡುಗಳು, ಸರಕುಗಳ ಚೀಟಿಗಳು ಎಲ್ಲವೂ ಅಲ್ಲಿಂದ ಹೊರಟವು. ಮುಂದೆ 1913ರಲ್ಲಿ 'ರಾಜಾ ಹರಿಶ್ಚಂದ್ರ' ಚಲನಚಿತ್ರವನ್ನು ತೆಗೆದ ದಾದಾಸಾಹೇಬ್ ಫಾಲ್ಕೆಯವರೂ ಕಲ್ಲಚ್ಚಿನ ಕೆಲಸದಲ್ಲಿ ಪಳಗಿದವರು. ಆ ಮುದ್ರಣಾಲಯವು 1972ರಲ್ಲಿ ಬೆಂಕಿಗೆ ಸಿಕ್ಕಿ, ಉಳಿದಿದ್ದ ಪಟಗಳಲ್ಲಿ ಬಹುಭಾಗ ಬೂದಿಯಾಯಿತು. ಆ ವರ್ಷದ ಅನಂತರ ನಮ್ಮ ಮನೆಗಳ ಅಟ್ಟದಲ್ಲಿ ಇದ್ದವಷ್ಟೇ ಇದ್ದವು. ಹೊಸದಾಗಿ ಬರುವ ದಾರಿ ಮುಚ್ಚಿತು.

ಮೈಸೂರಿನ ಒಂಬತ್ತು ಚಿತ್ರಗಳನ್ನು ಬರೆಯುವ ಹೊತ್ತಿಗೆ ಮುದ್ರಣಾಲಯ ರವಿವರ್ಮನ ಕೈತಪ್ಪಿ ಕೆಲವು ವರ್ಷಗಳಾಗಿದ್ದವು. ತನ್ನ ಲಕ್ಷ್ಮಿ, ಸರಸ್ವತಿಯರು ಅಂಗಡಿಯ ಗೋಡೆಯ ಮೇಲೆ, ಸೋಪಿನ ಪೆಟ್ಟಿಗೆಯ ಮೇಲೆ ಕಾಣುವುದನ್ನು ನೋಡಿದ್ದ ಮನುಷ್ಯನು ಮತ್ತೆ ಒಬ್ಬ ಅರಸರಿಗಾಗಿ, ಒಂದೇ ಗೋಡೆಗಾಗಿ ಬರೆದ ಚಿತ್ರಗಳು ಅವು. ಹೀಗೆ ನೋಡಿದರೆ ಜಗನ್ಮೋಹನದ ಆ ಕೊಠಡಿಯಲ್ಲಿ ನಿಲ್ಲುವುದಕ್ಕೆ ಬೇರೆಯೇ ಅರ್ಥ ಬರುತ್ತದೆಂದು ನನ್ನ ಅಭಿಪ್ರಾಯ.

ಅಚ್ಚಿನ ಪಟಗಳಿಂದ ನಷ್ಟವೇ ಆಗಲಿಲ್ಲವೆಂದು ನಾನು ವಾದಿಸಲಾರೆ. ಮುಮ್ಮಡಿಯವರ ಆಶ್ರಯದಲ್ಲಿ ಬೆಳೆದ ಮೈಸೂರು ಸಂಪ್ರದಾಯದ ಚಿತ್ರಗಾರರು ಮಕ್ಕಿನ ಉಬ್ಬುಕೆಲಸ ಮಾಡಿ, ಚಿನ್ನದ ರೇಕು ಅಂಟಿಸಿ, ತಿಂಗಳುಗಟ್ಟಲೆ ಕುಳಿತು ಒಂದು ಪಟ್ಟಾಭಿಷೇಕವನ್ನು ಬರೆಯುತ್ತಿದ್ದರು. ಅಗ್ಗದ ಅಚ್ಚು ಪಟ ಬಂದ ಮೇಲೆ ಅವರ ಬಾಗಿಲಿಗೆ ಬರುವವರು ಕಡಮೆಯಾದರು. ದೇವತೆಗಳಿಗೆ ಯೂರೋಪಿನ ಮೈಮಾಟವನ್ನೂ ನಾಟಕದ ಭಂಗಿಗಳನ್ನೂ ಕೊಟ್ಟನೆಂದು ಆನಂದ ಕುಮಾರಸ್ವಾಮಿಯವರೂ ಸೋದರಿ ನಿವೇದಿತೆಯವರೂ ರವಿವರ್ಮನನ್ನು ಕಟುವಾಗಿ ಟೀಕಿಸಿದರು. ನಾಲ್ವಡಿಯವರೇ ಕಲ್ಕತ್ತೆಗೆ ಕಳುಹಿಸಿದ, ಅವನೀಂದ್ರನಾಥ ಠಾಕೂರರ ಶಿಷ್ಯರಾದ ನಮ್ಮ ಕೆ. ವೆಂಕಟಪ್ಪನವರು ಹಿಡಿದದ್ದು ಸಂಪೂರ್ಣ ಬೇರೆಯ ಮಾರ್ಗ. ಟೀಕೆಯಲ್ಲಿ ಹುರುಳಿದೆ. ಆದರೆ ಈ ಟೀಕೆಯೆಲ್ಲ ಚಿತ್ರವನ್ನು ನೋಡುವವರ ಟೀಕೆ. ಪಟವನ್ನು ಇಟ್ಟುಕೊಂಡವರ ಅನುಭವ ಬೇರೆ. ಹೆಂಗಸರು ಆ ಪಟಗಳ ಸೀರೆಯ ಮೇಲೆ ನಿಜವಾದ ಜರಿಯನ್ನೂ ಮಖಮಲ್ಲಿನ ತುಂಡನ್ನೂ ಚಮಕಿಯನ್ನೂ ಅಂಟಿಸಿ, ಕೊರಳಿಗೆ ಸಣ್ಣ ಮಣಿಯ ಸರ ಪೋಣಿಸಿ, ಗಾಜು ಹಾಕಿಸುತ್ತಿದ್ದರು. ಅಚ್ಚಿನಿಂದ ಸಾವಿರವಾಗಿ ಹೊರಬಂದ ಪಟವು ಹೀಗೆ ಮನೆಮನೆಯಲ್ಲಿಯೂ ಮತ್ತೆ ಒಂದೇ ಒಂದಾಗುತ್ತಿತ್ತು. ಅಂಥ ಪಟವೊಂದನ್ನು ಇಟ್ಟುಕೊಂಡವರಿಗೆ ಅದು ಪ್ರತಿಯೆಂದು ಹೇಳಿ ನೋಡಿ!

ಪ್ರಸಂಗವಶಾತ್ ಒಂದು ತಪ್ಪನ್ನು ತಿದ್ದಬೇಕು. ಜಗನ್ಮೋಹನಕ್ಕೆ ಬರುವವರಲ್ಲಿ ಬಹುಪಾಲು ಮಂದಿ ಕತ್ತಲೆಯ ಕೋಣೆಯಲ್ಲಿಟ್ಟಿರುವ, ಕೈಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ರವಿವರ್ಮನದೆಂದು ತಿಳಿದೇ ಹೊರಡುತ್ತಾರೆ. ಅದು ಎಸ್. ಎಲ್. ಹಳದಣಕರ್ ಅವರ ಕೃತಿ. ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು 1945-46ರಲ್ಲಿ, ಅಂದರೆ ರವಿವರ್ಮನು ತೀರಿಕೊಂಡು ನಾಲ್ಕು ದಶಕಗಳಾದ ಮೇಲೆ, ಬರೆದ ಜಲವರ್ಣ ಚಿತ್ರ. ತೈಲಚಿತ್ರವೂ ಅಲ್ಲ. ಬೀದಿಯಲ್ಲಿ ಮಾರುವ ಅದರ ಅಚ್ಚುಗಳಲ್ಲಿ ಹೆಸರು ಬಿಟ್ಟುಹೋದದ್ದೂ ಈ ತಪ್ಪಿಗೆ ಒಂದು ಕಾರಣವಾಗಿರಬಹುದು.

ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಆಗಾಗ್ಗೆ ಹಳೆಯ ಪಟಗಳನ್ನು ಶಾಲೆಗಳಿಗೆ ಕೊಡುವುದುಂಟು; ಕೆಲವು ಅಟ್ಟದಿಂದ ನೇರವಾಗಿ ಗುಜರಿಗೆ ಹೋಗುವುದೂ ಉಂಟು. ಆದ್ದರಿಂದ ಅವನ್ನು ಗುರುತಿಸುವ ಬಗೆಯನ್ನು ಹೇಳುತ್ತೇನೆ. ಮೊದಲು ಅಂಚನ್ನು ನೋಡಿ. ಕಟ್ಟು ಹಾಕುವವರು ಅಂಚನ್ನು ಕತ್ತರಿಸದೆ ಬಿಟ್ಟಿದ್ದರೆ ರವಿವರ್ಮ ಪ್ರೆಸ್, ಕಾರ್ಲಾ-ಲೋಣಾವಳ ಎಂದು ಇಂಗ್ಲಿಷಿನಲ್ಲಿ ಸಣ್ಣಗೆ ಅಚ್ಚಾಗಿರುತ್ತದೆ. ಜರ್ಮನಿಯಲ್ಲಿ ಅಚ್ಚಾದುದೆಂಬ ಸೂಚನೆಯಿದ್ದರೆ ಅದು ಬೇರೆ ಕಡೆಯ ಸರಕು. ಅದೂ ಹಳೆಯದೇ, ಎಸೆಯತಕ್ಕದ್ದಲ್ಲ. ಅಂಚು ಹೋಗಿದ್ದರೆ ಭೂತಗನ್ನಡಿಯಿಂದ ದೇವತೆಯ ಕೆನ್ನೆಯನ್ನು ನೋಡಿ. ಕಲ್ಲಚ್ಚಿನ ಚುಕ್ಕೆಗಳು ಕೈಯಿಂದ ಇಟ್ಟವಾದ್ದರಿಂದ ದಪ್ಪ-ಸಣ್ಣ, ಒತ್ತು-ವಿರಳವಾಗಿ ಹರಡಿರುತ್ತವೆ. ಈಚಿನ ಆಫ್‌ಸೆಟ್ ಮುದ್ರಣದಲ್ಲಿ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಜರಡಿಯ ಕಣ್ಣುಗಳಂತೆ ಅಚ್ಚುಕಟ್ಟಾದ ಸಾಲಿನಲ್ಲಿರುತ್ತವೆ. ಬೆರಳಿನಿಂದ ಮುಟ್ಟಿ ನೋಡಬೇಡಿ. ಬಿಸಿಲು ನೇರವಾಗಿ ಬೀಳುವ ಗೋಡೆಗೆ ತೂಗುಹಾಕಬೇಡಿ. ಹಿಂದಿನ ಮರದ ಹಲಗೆ ಕಾಗದಕ್ಕೆ ತಾಗಿ ಕಂದು ಕಲೆ ಬಿಡುತ್ತದೆ; ನಡುವೆ ಆಮ್ಲವಿಲ್ಲದ ಒಳ್ಳೆಯ ಕಾಗದವನ್ನು ಇಡಿಸಬೇಕು. ಗಾಜು ಪಟಕ್ಕೆ ತಾಗಬಾರದು. ಬೆಳ್ಳಿಹುಳು ಬಿದ್ದಿದೆಯೇ ಎಂದು ವರ್ಷಕ್ಕೊಮ್ಮೆ ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ನೀರು ಮುಟ್ಟಿಸಬಾರದು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಶಾಲೆಯಲ್ಲಿ, ಶಾರದಾ ಪೂಜೆಯ ಹಿಂದಿನ ದಿನ ಸಭಾಂಗಣದ ಸರಸ್ವತಿಯ ಪಟವನ್ನು ಚೊಕ್ಕಟ ಮಾಡುವ ಹೊಣೆ ನನ್ನ ಮೇಲೆ ಬಿದ್ದಿತು. ಗಾಜನ್ನು ಬಿಚ್ಚಿ, ಧೂಳು ಕೂತಿದ್ದ ಪಟವನ್ನು ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರಸಿದೆ. ಮೊದಲು ಬಣ್ಣ ಹೊಳೆಯಿತು. ನನಗೆ ಸಂತೋಷವೂ ಆಯಿತು. ಆರಿದ ಮೇಲೆ ವಾರ್ನಿಷ್ ಬೆಳ್ಳಗೆ ಬಿರಿಯಿತು. ಮತ್ತೆ ಒರಸಿದಾಗ ಹಣೆಯಿಂದ ಗಲ್ಲದವರೆಗೂ ಬಣ್ಣದ ಪದರ ಕಾಗದದ ನಾರಿನೊಡನೆ ಬಟ್ಟೆಗೆ ಅಂಟಿ ಬಂದಿತು. ವೀಣೆ ಹಾಗೆಯೇ ಇತ್ತು, ಬೆರಳುಗಳು ಹಾಗೆಯೇ ಇದ್ದವು, ಮುಖವಿರಲಿಲ್ಲ. ಮುಖ್ಯೋಪಾಧ್ಯಾಯರು ಒಂದು ಮಾತೂ ಆಡದೆ ಅಂಗಡಿಯಿಂದ ಹೊಸ ಪಟ ತರಿಸಿದರು. ಪೂಜೆ ಸಾಂಗವಾಗಿ ನಡೆಯಿತು. "ಬರಿಯ ಅಚ್ಚು ತಾನೆ" ಎಂದು ನಾನು ಸಮಾಧಾನ ಮಾಡಿಕೊಂಡೆ.

ಕೆಲವು ವರ್ಷಗಳ ಮೇಲೆ ಒಬ್ಬ ವೃದ್ಧರು ಮೊಮ್ಮಗನ ಕೈ ಹಿಡಿದು ಅದೇ ಸಭಾಂಗಣಕ್ಕೆ ಬಂದರು. ತಾವು ಓದಿದ ಶಾಲೆಗೆ ತಮ್ಮ ತಾಯಿ ಕೊಟ್ಟ ಪಟವನ್ನು ಮಗುವಿಗೆ ತೋರಿಸಬೇಕೆಂದು ಬಂದಿದ್ದರು. ಹೊಸ ಪಟದ ಮುಂದೆ ನಿಂತು ಬಹಳ ಹೊತ್ತು ನೋಡಿದರು. "ಅಮ್ಮ ಅಂಟಿಸಿದ್ದ ಜರಿ ಎಲ್ಲಿ ಹೋಯಿತು, ಮೇಷ್ಟ್ರೇ?" ಎಂದು ಕೇಳಿದರು. ಒಡೆದ ಚೌಕಟ್ಟಿನೊಡನೆ ಹಳೆಯ ಪಟವು ಸಾಮಾನಿನ ಕೋಣೆಯಲ್ಲಿಯೇ ಬಿದ್ದಿತ್ತು. ತಂದು ಅವರ ಮುಂದೆ ಇಟ್ಟು ನಡೆದದ್ದನ್ನು ಹೇಳಿದೆ. ಅವರು ಬಯ್ಯಲಿಲ್ಲ. ಚೌಕಟ್ಟನ್ನು ತಿರುವಿ, ಹಿಂದಿನ ಹಲಗೆಯ ಮೇಲೆ ಪೆನ್ಸಿಲಿನಿಂದ ಬರೆದಿದ್ದ ತಾಯಿಯ ಹೆಸರನ್ನು ಮೊಮ್ಮಗನಿಂದ ಓದಿಸಿದರು. ಅಪ್ಪಣೆ ಕೇಳಿ ಪಟವನ್ನು ತಮ್ಮೊಡನೆ ಕೊಂಡೊಯ್ದರು.

ಅಂದಿನಿಂದ ಯಾರು ಯಾವ ಪಟವನ್ನು ಶಾಲೆಗೆ ತಂದುಕೊಟ್ಟರೂ, ಗೋಡೆಗೆ ಏರಿಸುವ ಮುನ್ನ ಒಂದು ನೋಟ್‌ಪುಸ್ತಕದಲ್ಲಿ ಕೊಟ್ಟವರ ಹೆಸರು, ಅಂಚಿನ ಬರಹ, ಹಿಂಬದಿಯಲ್ಲಿ ಬರೆದಿರುವುದು, ಯಾರಾದರೂ ಕೈಯಿಂದ ಮಾಡಿದ ಅಲಂಕಾರ ಇವಿಷ್ಟನ್ನೂ ಬರೆದಿಡುವ ಪದ್ಧತಿಯನ್ನು ಇಟ್ಟುಕೊಂಡೆ. ಒಂದು ಪುಟಕ್ಕೆ ಒಂದು ಪಟ. ಎಂಟನೆಯ ತರಗತಿಯ ಮಕ್ಕಳೇ ಅದನ್ನು ಬರೆಯಬಲ್ಲರು. ಭೂತಗನ್ನಡಿಯನ್ನು ವಿಜ್ಞಾನದ ಕೊಠಡ���ಯಿಂದ ತರಬಹುದು.